ಮುಂದಿನ ಒಪ್ಪಂದಕ್ಕೂ 27 ವರ್ಷ ಬೇಕಾ? ಗ್ರೀಸ್ ಸಂಸತ್ತಿನ 300 ಸದಸ್ಯರಿಗೆ ಒಂದು ಬಹಿರಂಗ ಪತ್ರ

ಗೆ,
ಗ್ರೀಸ್ ಸಂಸತ್ತಿನ ಎಲ್ಲ ಸದಸ್ಯರಿಗೆ,
ಸಿಂಟಾಗ್ಮಾ ಚೌಕ, ಅಥೆನ್ಸ್

ಮಾನ್ಯರೇ,

1992ರ ಏಪ್ರಿಲ್‌ನಲ್ಲಿ ನಿಮ್ಮ ಆಗಿನ ಪ್ರಧಾನಿ ಕಾನ್‌ಸ್ಟಂಟಿನೋಸ್ ಮಿತ್ಸೋಟಾಕಿಸ್ ತಮ್ಮ ವಿದೇಶಾಂಗ ಮಂತ್ರಿಯನ್ನು ಸಂಪುಟದಿಂದ ತೆಗೆದರು. ಆ ಮಂತ್ರಿ ಅಂಟೋನಿಸ್ ಸಮರಾಸ್. ನೆರೆಯ ದೇಶದ ವಿಚಾರದಲ್ಲಿ ಪ್ರಧಾನಿ ಮೆತ್ತಗಾಗಿದ್ದಾರೆ ಅನ್ನುವುದು ಸಮರಾಸ್ ಅವರ ತಕರಾರು. 2024ರ ನವೆಂಬರ್‌ನಲ್ಲಿ ಅದೇ ಸಮರಾಸ್ ಅವರನ್ನು ಅದೇ ನ್ಯೂ ಡೆಮಾಕ್ರಸಿ ಪಕ್ಷದಿಂದ ಹೊರಗೆ ಹಾಕಲಾಯಿತು. ಈ ಸಲ ಹಾಕಿದವರು ಆ ಪ್ರಧಾನಿಯ ಮಗ ಕಿರಿಯಾಕೋಸ್ ಮಿತ್ಸೋಟಾಕಿಸ್. ತಕರಾರು ಹೆಚ್ಚು ಕಡಿಮೆ ಹಳೆಯದೇ. ಆಗ ಮ್ಯಾಸಿಡೋನಿಯಾ, ಈಗ ಟರ್ಕಿ, ಅಷ್ಟೇ ವ್ಯತ್ಯಾಸ. ನಡುವೆ ಸಮರಾಸ್ ಪಕ್ಷಕ್ಕೆ ವಾಪಸ್ ಬಂದು, 2012ರಿಂದ 2015ರ ತನಕ ಪ್ರಧಾನಿಯೂ ಆಗಿದ್ದರು.

ಹೊರಗಿನವನಾದ ನನಗೆ ನಿಮ್ಮ ರಾಜಕೀಯದ ಕಾಯಿಲೆ ಪೂರ್ತಿ ಈ ಒಂದು ಕತೆಯಲ್ಲೇ ಕಾಣುತ್ತದೆ. ನೆರೆಯವರ ಜೊತೆ ಯಾರೇ ಮಾತಿಗೆ ಕೂತರೂ ಹಿಂದಿನಿಂದ ಒಬ್ಬರು ‘ದೇಶ ಮಾರಿಬಿಟ್ಟ’ ಅಂತ ಕೂಗುತ್ತಾರೆ. ಕೂಗಿದವರೇ ನಾಳೆ ಅಧಿಕಾರಕ್ಕೆ ಬಂದರೆ ಅದೇ ಮಾತುಕತೆ ಮುಂದುವರಿಸುತ್ತಾರೆ. ಆಗ ಕೂಗುವ ಸರದಿ ಇನ್ನೊಬ್ಬರದು. ಹೀಗೆ ಸರದಿ ಬದಲಾಗುತ್ತಾ ಬದಲಾಗುತ್ತಾ ಒಂದೊಂದು ಜಗಳಕ್ಕೂ ಒಂದೊಂದು ತಲೆಮಾರು ಕಳೆದುಹೋಗಿದೆ. ಮ್ಯಾಸಿಡೋನಿಯಾದ ಹೆಸರಿನ ಜಗಳ ಒಂದೇ ಮುಗಿಯಲು 27 ವರ್ಷ ಬೇಕಾಯಿತು.

ಇದನ್ನು ಹೇಳಲು ನಾನ್ಯಾರು ಅಂತ ನೀವು ಕೇಳಬಹುದು. ನಾನು ಉಡುಪಿ ಕಡೆಯವನು, ವ್ಯಾಪಾರಿ ಹಡಗುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಗ್ರೀಕ್ ಮಾಲೀಕರ ಸಂಬಳ ಬಂದಿದೆ. ಜಗತ್ತಿನ ವ್ಯಾಪಾರಿ ಹಡಗುಗಳ ಸಾಮರ್ಥ್ಯದಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ನಿಮ್ಮವರ ಕೈಯಲ್ಲಿದೆ. ಹಾಗಾಗಿ ಪಿರೇಯಸ್, ಥೆಸಲೋನಿಕಿ ಬಂದರುಗಳು ನಮಗೆ ಹೊಸವಲ್ಲ. ಹಿಯೋಸ್, ಆಂಡ್ರೋಸ್ ದ್ವೀಪಗಳ ಕ್ಯಾಪ್ಟನ್‌ಗಳ ಕೈಕೆಳಗೆ ಕೆಲಸ ಮಾಡಿದ್ದೇನೆ. ಸಮುದ್ರ ಎಷ್ಟೇ ಕೆಟ್ಟರೂ ಅವರ ತಾಳ್ಮೆ ಕೆಡುತ್ತಿರಲಿಲ್ಲ. ಆದರೆ ಮೆಸ್‌ನಲ್ಲಿ ಊಟಕ್ಕೆ ಕೂತಾಗ ಒಬ್ಬರು ಪಾಸೋಕ್ ಅಂದರೆ ಇನ್ನೊಬ್ಬರು ನ್ಯೂ ಡೆಮಾಕ್ರಸಿ ಅನ್ನುತ್ತಿದ್ದರು, ಊಟ ಆರಿ ತಣ್ಣಗಾಗುತ್ತಿತ್ತು. 1980ರ ದಶಕದಲ್ಲಿ ನಿಮ್ಮ ಹಳ್ಳಿಗಳಲ್ಲಿ ನೀಲಿ ಬಣ್ಣದ ನ್ಯೂ ಡೆಮಾಕ್ರಸಿಯವರಿಗೆ ಒಂದು ಕಾಫಿ ಅಂಗಡಿ, ಹಸಿರು ಬಣ್ಣದ ಪಾಸೋಕ್ ಪಕ್ಷದವರಿಗೆ ಇನ್ನೊಂದು ಇದ್ದವಂತೆ. ಟರ್ಕಿಯ ಮಾತು ಬಂದಾಗ ಮಾತ್ರ ಎರಡೂ ಬಣ್ಣದವರು ಒಂದಾಗುತ್ತಿದ್ದರು. ಅದೂ ಸ್ವಲ್ಪ ಹೊತ್ತು. ಆಮೇಲೆ ‘ನಿಮ್ಮವರೇ ಅಲ್ವಾ ಬಿಟ್ಟುಕೊಟ್ಟದ್ದು’ ಅಂತ ಮತ್ತೆ ಶುರು.

ಹಳೆಯ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. 1976ರ ಆಗಸ್ಟ್‌ನಲ್ಲಿ ಟರ್ಕಿಯ ಹೋರಾ ಅನ್ನುವ ಸಮೀಕ್ಷೆ ಹಡಗು ಏಜಿಯನ್ ಸಮುದ್ರದಲ್ಲಿ ಎಣ್ಣೆ ಹುಡುಕಲು ಇಳಿಯಿತು. ಆಗ ವಿರೋಧ ಪಕ್ಷದಲ್ಲಿದ್ದ ಪಾಸೋಕ್ ಸ್ಥಾಪಕ ಆಂಡ್ರಿಯಾಸ್ ಪಾಪಾಂಡ್ರೆಯೂ ಅದನ್ನು ಮುಳುಗಿಸಿಬಿಡಿ ಅಂದರು. ಪ್ರಧಾನಿ ಕಾನ್‌ಸ್ಟಂಟಿನೋಸ್ ಕಾರಮಾನ್ಲಿಸ್ ಮುಳುಗಿಸಲಿಲ್ಲ. ವಿಶ್ವಸಂಸ್ಥೆಗೂ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಹೋದರು. ಈ ಕೇಸು ನಡೆಸುವ ಅಧಿಕಾರ ನಮಗಿಲ್ಲ ಅಂತ ನ್ಯಾಯಾಲಯ 1978ರ ಡಿಸೆಂಬರ್‌ನಲ್ಲಿ ಕೈ ತೊಳೆದುಕೊಂಡಿತು.

ಮುಂದೆ ಪಾಪಾಂಡ್ರೆಯೂ ಪ್ರಧಾನಿಯಾದರು. 1987ರ ಮಾರ್ಚ್‌ನಲ್ಲಿ ಅದೇ ಹಡಗು, ಈಗ ಸಿಸ್ಮಿಕ್ ಅನ್ನುವ ಹೆಸರಿನಲ್ಲಿ, ಮತ್ತೆ ಹೊರಡುವ ಸುದ್ದಿ ಬಂತು. ಎರಡೂ ದೇಶಗಳ ಸೇನೆ ಸಜ್ಜಾಗಿ ನಿಂತವು. ಹಡಗು ಮುಳುಗಲಿಲ್ಲ, ಪುಣ್ಯ. 1988ರ ಜನವರಿಯಲ್ಲಿ ಪಾಪಾಂಡ್ರೆಯೂ ಡಾವೋಸ್‌ನಲ್ಲಿ ಟರ್ಕಿಯ ಪ್ರಧಾನಿ ತುರ್ಗುತ್ ಓಝಾಲ್ ಅವರ ಕೈ ಕುಲುಕಿದರು. ಈಗ ಕೂಗುವ ಸರದಿ ನ್ಯೂ ಡೆಮಾಕ್ರಸಿಯದು: ಗ್ರೀಕರೂ ಟರ್ಕರೂ ಜಗಳವಾಡುವ ಸೈಪ್ರಸ್ ದ್ವೀಪದ ಪ್ರಶ್ನೆಯನ್ನು ಮೂಲೆಗೆ ಹಾಕಿದರು ಅಂತ. ಒತ್ತಡ ಎಷ್ಟಿತ್ತೆಂದರೆ ಪಾಪಾಂಡ್ರೆಯೂ ಸಂಸತ್ತಿನಲ್ಲೇ ತಪ್ಪೊಪ್ಪಿಗೆಯ ಮಾತಾಡಬೇಕಾಯಿತು. ಮಾತಾಡಿದ್ದು ತಪ್ಪು ಅಂತ ಒಬ್ಬ ಪ್ರಧಾನಿ ಕ್ಷಮೆ ಕೇಳುವುದು! ಮುಳುಗಿಸಿ ಅಂದದ್ದಕ್ಕೆ ಯಾರೂ ಅವರಿಂದ ಕ್ಷಮೆ ಕೇಳಿಸಲಿಲ್ಲ.

ಈಗ ಮ್ಯಾಸಿಡೋನಿಯಾ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಓದುವ ಕನ್ನಡಿಗರಿಗೆ ‘ಒಂದು ಹೆಸರಿಗೆ ಇಷ್ಟೊಂದಾ’ ಅನ್ನಿಸಬಹುದು.

1991ರ ಸೆಪ್ಟೆಂಬರ್‌ನಲ್ಲಿ ಯುಗೊಸ್ಲಾವಿಯಾದಿಂದ ಹೊರಬಂದ ಪುಟ್ಟ ದೇಶ ತನ್ನನ್ನು ಮ್ಯಾಸಿಡೋನಿಯಾ ಗಣರಾಜ್ಯ ಅಂತ ಕರೆದುಕೊಂಡಿತು. ನಿಮ್ಮ ಉತ್ತರದ ಪ್ರಾಂತ್ಯದ ಹೆಸರೂ ಅದೇ. ಅಲೆಕ್ಸಾಂಡರ್ ಹುಟ್ಟಿದ ಪೆಲ್ಲಾ ಇರುವುದೂ ಅಲ್ಲೇ. ನಾಳೆ ನಮ್ಮ ನೆಲವನ್ನೂ ಕೇಳುತ್ತಾರೆ ಅನ್ನುವ ಭಯ ನಿಮ್ಮ ಜನಕ್ಕೆ ಬಂತು. ಆ ಭಯವನ್ನು ನಾನು ಹಗುರ ಮಾಡೋಲ್ಲ. ಎರಡನೇ ಮಹಾಯುದ್ಧದ ನಂತರದ ಅಂತರ್ಯುದ್ಧ ನೋಡಿದ ಊರುಗಳವು. 1992ರ ಫೆಬ್ರವರಿ 14ರಂದು ಥೆಸಲೋನಿಕಿಯಲ್ಲಿ ಜನಸಾಗರವೇ ಸೇರಿತು. ಏಪ್ರಿಲ್‌ನಲ್ಲಿ ಅಧ್ಯಕ್ಷರ ಮುಂದೆ ಎಲ್ಲ ಪಕ್ಷಗಳ ನಾಯಕರೂ ಕೂತರು. ಮ್ಯಾಸಿಡೋನಿಯಾ ಅನ್ನುವ ಪದ ಆ ದೇಶದ ಹೆಸರಿನಲ್ಲಿ ಯಾವ ರೂಪದಲ್ಲೂ ಇರಬಾರದು ಅಂತ ತೀರ್ಮಾನಿಸಿದರು. ಒಪ್ಪದೆ ಉಳಿದದ್ದು ಕಮ್ಯುನಿಸ್ಟ್ ಪಕ್ಷ ಒಂದೇ. ಸಮರಾಸ್ ಅವರನ್ನು ತೆಗೆದದ್ದೂ ಅದೇ ದಿನಗಳಲ್ಲಿ.

ಮುಂದಿನದು ಸರಸರ ನಡೆಯಿತು. ಸಮರಾಸ್ ಬೇರೆ ಪಕ್ಷ ಕಟ್ಟಿದರು. 1993ರ ಸೆಪ್ಟೆಂಬರ್‌ನಲ್ಲಿ ಕೆಲವು ಸಂಸದರು ಸರ್ಕಾರದಿಂದ ಆಚೆ ಬಂದರು, ಅಪ್ಪ ಮಿತ್ಸೋಟಾಕಿಸ್ ಸರ್ಕಾರ ಬಿತ್ತು. ಅಕ್ಟೋಬರ್‌ನಲ್ಲಿ ಪಾಪಾಂಡ್ರೆಯೂ ಮತ್ತೆ ಗೆದ್ದರು. 1994ರ ಫೆಬ್ರವರಿಯಲ್ಲಿ ನೆರೆಯ ದೇಶದ ಮೇಲೆ ವ್ಯಾಪಾರ ದಿಗ್ಬಂಧನ ಹೇರಿದರು. ಸಮುದ್ರವಿಲ್ಲದ ಆ ದೇಶಕ್ಕೆ ಥೆಸಲೋನಿಕಿಯೇ ಬಾಗಿಲು. ಆ ಬಾಗಿಲು ಮುಚ್ಚಿದರೆ ಎರಡೂ ಕಡೆಯವರಿಗೆ ನಷ್ಟ ಅಂತ ಬಂದರಿನಲ್ಲಿ ಹಗ್ಗ ಹಿಡಿಯುವ ಹುಡುಗನಿಗೂ ಗೊತ್ತಿರುತ್ತದೆ. ಒಂದೂವರೆ ವರ್ಷದ ಮೇಲೆ, 1995ರ ಸೆಪ್ಟೆಂಬರ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ ಮಧ್ಯಂತರ ಒಪ್ಪಂದ ಆಯಿತು. ಅವರು ಧ್ವಜದಿಂದ ಪ್ರಾಚೀನ ಮ್ಯಾಸಿಡೋನಿಯಾದ ರಾಜಚಿಹ್ನೆಯಾದ ವೆರ್ಗಿನಾದ ಸೂರ್ಯನನ್ನು ತೆಗೆದರು, ನೀವು ಬಾಗಿಲು ತೆರೆದಿರಿ. ಹೆಸರಿನ ಪ್ರಶ್ನೆ ಹಾಗೇ ಉಳಿಯಿತು.

2008ರ ಹೊತ್ತಿಗೆ ನಿಮ್ಮ ನಿಲುವು ಸದ್ದಿಲ್ಲದೆ ಬದಲಾಗಿತ್ತು. ‘ಮ್ಯಾಸಿಡೋನಿಯಾ’ ಇರಲಿ, ಆದರೆ ಮುಂದೊಂದು ದಿಕ್ಕಿನ ಅಥವಾ ಭೂಗೋಳದ ಪದ ಸೇರಲಿ, ಅದನ್ನು ಎಲ್ಲ ಕಡೆ ಬಳಸಲಿ ಅಂತ. ಆಗ ಅಧಿಕಾರದಲ್ಲಿ ಇದ್ದದ್ದು ನ್ಯೂ ಡೆಮಾಕ್ರಸಿ. ವಿದೇಶಾಂಗ ಮಂತ್ರಿ ಡೋರಾ ಬಕೋಯಾನಿಸ್, ಅಂದರೆ ಅಪ್ಪ ಮಿತ್ಸೋಟಾಕಿಸ್ ಅವರ ಮಗಳು, ಕಿರಿಯಾಕೋಸ್ ಅವರ ಅಕ್ಕ. ಇದೇ ನಿಲುವಿನ ಬಲದಲ್ಲಿ ಬುಕಾರೆಸ್ಟ್ ಸಭೆಯಲ್ಲಿ ಆ ದೇಶದ ನೇಟೋ ಪ್ರವೇಶ ತಡೆದಿರಿ. ಅದು ಮಧ್ಯಂತರ ಒಪ್ಪಂದಕ್ಕೆ ವಿರುದ್ಧ ಅಂತ 2011ರಲ್ಲಿ ಹೇಗ್ ನ್ಯಾಯಾಲಯ ಹೇಳಿತು.

ಆ ದೇಶದ ರಾಜಧಾನಿ ಸ್ಕೋಪ್ಯೆಯವರು ಸಾಧುಗಳು ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ಪ್ರಧಾನಿ ನಿಕೋಲಾ ಗ್ರುಯೆವ್‌ಸ್ಕಿ ಕಾಲದಲ್ಲಿ ವಿಮಾನ ನಿಲ್ದಾಣಕ್ಕೆ ಅಲೆಕ್ಸಾಂಡರ್ ಹೆಸರು, ಹೆದ್ದಾರಿಗೆ ಅಲೆಕ್ಸಾಂಡರ್ ಹೆಸರು, ಊರ ನಡುವೆ ಕುದುರೆ ಏರಿದ ಯೋಧನ ಭಾರೀ ಪ್ರತಿಮೆ. ನಿಮ್ಮನ್ನು ರೇಗಿಸುವುದೇ ಅಲ್ಲಿ ಚುನಾವಣಾ ಪ್ರಣಾಳಿಕೆಯಾಗಿತ್ತು. ಅಲ್ಲಿನ ಒಂದು ಪಕ್ಷ ಇಲ್ಲಿನ ಪಕ್ಷಗಳಿಗೆ ಮೇವು, ಇಲ್ಲಿನ ಪಕ್ಷಗಳು ಅಲ್ಲಿನದಕ್ಕೆ ಮೇವು.

ಕೊನೆಗೆ 2018ರ ಜೂನ್ 17ರಂದು ಪ್ರೆಸ್ಪಾ ಸರೋವರದ ದಡದ ಪ್ಸಾರಾದೆಸ್ ಹಳ್ಳಿಯಲ್ಲಿ ಸಹಿ ಬಿತ್ತು. ಉತ್ತರ ಮ್ಯಾಸಿಡೋನಿಯಾ ಅನ್ನುವ ಹೆಸರು ಹೊರಗೂ ಒಳಗೂ ಎಲ್ಲ ಕಡೆ, ಅವರ ಸಂವಿಧಾನದಲ್ಲೂ. ಅವರ ಭಾಷೆ ದಕ್ಷಿಣ ಸ್ಲಾವಿಕ್ ಗುಂಪಿನದು, ಪ್ರಾಚೀನ ಗ್ರೀಕ್ ಪರಂಪರೆಗೂ ಅದಕ್ಕೂ ಸಂಬಂಧವಿಲ್ಲ ಅಂತ ಒಪ್ಪಂದದಲ್ಲೇ ಬರೆದುಕೊಟ್ಟರು. 1992ರಿಂದ ನೀವು ಕೇಳುತ್ತಿದ್ದುದಕ್ಕಿಂತ ಇದು ಕಡಿಮೆ, ನಿಜ. 2008ರಲ್ಲಿ ನೀವು ಕೇಳಿದ್ದಕ್ಕೆ ಬಹಳ ಹತ್ತಿರ. ಆದರೂ ನ್ಯೂ ಡೆಮಾಕ್ರಸಿ ವಿರೋಧಿಸಿತು, ಭಾಷೆ ಮತ್ತು ರಾಷ್ಟ್ರೀಯತೆಗೆ ಮ್ಯಾಸಿಡೋನಿಯನ್ ಅನ್ನುವ ಪದ ಒಪ್ಪಿದ್ದು ತಪ್ಪು ಅಂತ. ಆ ತಕರಾರಿನಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಬೀದಿಯಲ್ಲಿ ಕೇಳಿದ್ದು ಆ ಸೂಕ್ಷ್ಮ ತಕರಾರಲ್ಲ. ಬೀದಿಯಲ್ಲಿ ಕೇಳಿದ್ದು ‘ದ್ರೋಹಿಗಳು’ ಅನ್ನುವ ಒಂದೇ ಕೂಗು. ಥೆಸಲೋನಿಕಿಯ ಮೇಯರ್ ಯಾನಿಸ್ ಬೂತಾರಿಸ್ ಅವರಿಗೆ ಆಗ 75 ವಯಸ್ಸು. 2018ರ ಮೇ ತಿಂಗಳಲ್ಲಿ ಒಂದು ಸ್ಮರಣೆ ಕಾರ್ಯಕ್ರಮದಲ್ಲಿ ಅವರನ್ನು ನೆಲಕ್ಕೆ ಕೆಡವಿ ಹೊಡೆದರು. ಎಲ್ಲ ಪಕ್ಷಗಳೂ ಖಂಡಿಸಿದವು ಅನ್ನಬಹುದು. ಖಂಡಿಸುವುದು ಸುಲಭ. ಆ ಸಿಟ್ಟನ್ನು ತಿಂಗಳುಗಟ್ಟಲೆ ಕಾಯಿಸಿದ್ದು ಯಾರು?

2019ರ ಜನವರಿಯಲ್ಲಿ ರಕ್ಷಣಾ ಮಂತ್ರಿ ಪಾನೋಸ್ ಕಾಮೆನೋಸ್ ತಮ್ಮ ಪಕ್ಷದ ಸಮೇತ ಸಮ್ಮಿಶ್ರ ಸರ್ಕಾರದಿಂದ ಹೊರಬಂದರು. ಸಿರಿಝಾ ಪಕ್ಷದ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ 151 ಮತಗಳಲ್ಲಿ ವಿಶ್ವಾಸಮತ ಗೆದ್ದರು. ಜನವರಿ 25ರಂದು ಒಪ್ಪಂದ ಪಾಸಾಯಿತು. ಪರ 153, ವಿರುದ್ಧ 146. ಅದೇ ಜುಲೈನಲ್ಲಿ ಸಿಪ್ರಾಸ್ ಸೋತರು. ಸೋಲಿಗೆ ತೆರಿಗೆ, ಪಿಂಚಣಿ, ಸಾಲದ ಷರತ್ತು ಹೀಗೆ ಬೇರೆ ಕಾರಣಗಳೂ ಬೇಕಾದಷ್ಟಿದ್ದವು. ಆದರೆ ಉತ್ತರದ ಜಿಲ್ಲೆಗಳಲ್ಲಿ ಪ್ರೆಸ್ಪಾ ಕೂಡ ಅವರಿಗೆ ಹೊಡೆತ ಕೊಟ್ಟಿತು. 158 ಸ್ಥಾನಗಳೊಂದಿಗೆ ಕಿರಿಯಾಕೋಸ್ ಮಿತ್ಸೋಟಾಕಿಸ್ ಬಂದರು. ಬಂದು ಏನು ಮಾಡಿದರು? ಒಪ್ಪಂದವನ್ನು ಹಾಗೇ ಇಟ್ಟುಕೊಂಡರು. 2020ರ ಮಾರ್ಚ್‌ನಲ್ಲಿ ಉತ್ತರ ಮ್ಯಾಸಿಡೋನಿಯಾ ನೇಟೋ ಸೇರಿತು. ಈಗ ನಿಮ್ಮ ಯುದ್ಧವಿಮಾನಗಳೂ ಅವರ ಆಕಾಶ ಕಾಯುತ್ತವೆ.

ಇಟ್ಟುಕೊಂಡದ್ದು ಸರಿಯೇ. ನನ್ನ ದೂರು ಬೇರೆ. ಒಪ್ಪಂದದ ಜೊತೆ ಬಂದ ಮೂರು ಸಹಕಾರ ಪತ್ರಗಳನ್ನು ಸಂಸತ್ತಿನ ಮುಂದೆ ತರಲೇ ಇಲ್ಲ. ಸ್ಕೋಪ್ಯೆಯಲ್ಲಿ ಆಗ ಇದ್ದದ್ದು ಹೆಸರು ಬದಲಿಸಲು ಧೈರ್ಯ ಮಾಡಿದ ಝೋರಾನ್ ಝಾಯೆವ್, ಅವರ ನಂತರ ಅವರದೇ ಪಕ್ಷ. ಆ ಐದು ವರ್ಷ ನಿಮಗೆ ಸಿಕ್ಕ ಒಳ್ಳೆಯ ಗಾಳಿ. ಪಕ್ಷದ ಒಳಗಿನ ಸಮರಾಸ್ ಬಣಕ್ಕೆ ಹೆದರಿ ನೀವು ಹಾಯಿ ಬಿಚ್ಚಲಿಲ್ಲ. 2024ರ ಮೇನಲ್ಲಿ ಅಲ್ಲಿ ಗ್ರುಯೆವ್‌ಸ್ಕಿ ಕಾಲದ ಹಳೆಯ ಪಕ್ಷವೇ ವಾಪಸ್ ಬಂತು. ಹೊಸ ಅಧ್ಯಕ್ಷೆ ಗೊರ್ದಾನಾ ಸಿಲ್ಯಾನೊವ್‌ಸ್ಕಾ ಪ್ರಮಾಣ ವಚನದಲ್ಲಿ ಬರೀ ‘ಮ್ಯಾಸಿಡೋನಿಯಾ’ ಅಂದರು, ನಿಮ್ಮ ರಾಯಭಾರಿ ಎದ್ದು ಹೊರನಡೆದರು. ಅವರು ಹೆಸರನ್ನು ಸರಿಯಾಗಿ ಬಳಸುವ ತನಕ ಪತ್ರಗಳು ಬರೋಲ್ಲ ಅಂತ ಪ್ರಧಾನಿ ಹೇಳಿದರು. ಈಗ ಹೇಳುವುದಕ್ಕೆ ಕಾರಣ ಇದೆ, ಒಪ್ಪುತ್ತೇನೆ. 2019ರಿಂದ 2024ರ ತನಕ ಏನು ಕಾರಣ ಇತ್ತು?

ಇನ್ನು ಸಮುದ್ರ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡಿದರೆ ಕ್ಷಮಿಸಿ, ನನ್ನ ಹೊಟ್ಟೆಪಾಡು ಅದೇ ಆಗಿತ್ತು.

ಏಜಿಯನ್‌ನ ಚಾರ್ಟ್ ಬಿಡಿಸಿದರೆ ಯಾವ ಹಡಗಿನವನಿಗೂ ಸಮಸ್ಯೆ ಅರ್ಥವಾಗುತ್ತದೆ. ದ್ವೀಪಗಳು ಹೆಚ್ಚು ಕಡಿಮೆ ಎಲ್ಲ ನಿಮ್ಮವು, ಆದರೆ ಹಲವು ದ್ವೀಪಗಳು ಟರ್ಕಿಯ ದಡಕ್ಕೆ ಅಂಟಿಕೊಂಡೇ ಇವೆ. ಕಸ್ತೆಲೊರಿಝೋದಿಂದ ಟರ್ಕಿಯ ದಡ ಎರಡು ಕಿಲೋಮೀಟರ್ ಆಸುಪಾಸು. ಇಲ್ಲಿ ನೀವು ನಿಮ್ಮ ಕಡಲನ್ನು 6 ನಾಟಿಕಲ್ ಮೈಲಿ ಅಂತ ಇಟ್ಟುಕೊಂಡಿದ್ದೀರಿ. ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದದ ಪ್ರಕಾರ 12ರ ತನಕ ಹೋಗಬಹುದು. 6 ಮೈಲಿ ಲೆಕ್ಕದಲ್ಲಿ ಏಜಿಯನ್‌ನ ಶೇ 40ಕ್ಕೂ ಸ್ವಲ್ಪ ಜಾಸ್ತಿ ನಿಮ್ಮದು. 12 ಆದರೆ ಶೇ 70 ದಾಟುತ್ತದೆ. ಆಗ ಇಸ್ತಾಂಬುಲ್‌ನಿಂದ ಹೊರಟ ಹಡಗು ಮೆಡಿಟರೇನಿಯನ್ ಸೇರಬೇಕಾದರೆ ನಿಮ್ಮ ಕಡಲನ್ನು ದಾಟಲೇಬೇಕು. ವ್ಯಾಪಾರಿ ಹಡಗಿಗೆ ಇದರಿಂದ ಏನೂ ಆಗೋಲ್ಲ, ಯಾರ ಕಡಲಲ್ಲಾದರೂ ತೊಂದರೆ ಕೊಡದೆ ಹಾದುಹೋಗುವ ಹಕ್ಕು ನಮಗಿದೆ. ಯುದ್ಧನೌಕೆ, ಜಲಾಂತರ್ಗಾಮಿ, ತಳದ ಎಣ್ಣೆ ಇವುಗಳ ಲೆಕ್ಕ ಬೇರೆ. 1995ರ ಜೂನ್‌ನಲ್ಲಿ ಟರ್ಕಿಯ ಸಂಸತ್ತು ನೀವು 12ಕ್ಕೆ ಹೋದರೆ ಅದು ಯುದ್ಧಕ್ಕೆ ಕಾರಣ ಅಂತ ನಿರ್ಣಯ ಮಾಡಿತು. ಕಾನೂನು ಕೊಟ್ಟ ಹಕ್ಕು ಬಳಸಿದರೆ ಯುದ್ಧ ಅನ್ನುವುದು ಗೂಂಡಾಗಿರಿ. ಅದೇ ಟರ್ಕಿ ಕಪ್ಪು ಸಮುದ್ರದಲ್ಲಿ ತನಗೆ 12 ಮೈಲಿ ಇಟ್ಟುಕೊಂಡಿದೆ.

ನಿಮ್ಮದೂ ಒಂದು ವಿಚಿತ್ರ ಇದೆ. ಕಡಲು 6 ಮೈಲಿ, ಅದರ ಮೇಲಿನ ಆಕಾಶ ಮಾತ್ರ 10 ಮೈಲಿ, 1931ರಿಂದ. ನನಗೆ ಗೊತ್ತಿರುವ ಮಟ್ಟಿಗೆ ಹೀಗೆ ಬೇರೆ ಯಾರೂ ಇಟ್ಟುಕೊಂಡಿಲ್ಲ. ಆ ನಡುವಿನ 4 ಮೈಲಿಯಲ್ಲೇ ಎಷ್ಟೋ ವರ್ಷ ಎರಡೂ ಕಡೆಯ ವಿಮಾನಗಳು ಒಂದರ ಬಾಲ ಒಂದು ಹಿಡಿದು ಓಡಾಡಿದವು. 2006ರ ಮೇನಲ್ಲಿ ಕಾರ್ಪಾಥೋಸ್ ದ್ವೀಪದ ಹತ್ತಿರ ಎರಡು ಯುದ್ಧವಿಮಾನ ಡಿಕ್ಕಿಯಾಗಿ ನಿಮ್ಮ ಪೈಲಟ್ ಸತ್ತರು.

ಪಕ್ಷಗಳ ಆಟ ಇಲ್ಲಿ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಇಮಿಯಾ ಸಾಕು. ಟರ್ಕಿಯವರು ಕಾರ್ಡಾಕ್ ಅನ್ನುವ ಎರಡು ಬಂಡೆ. ಮನೆ ಇಲ್ಲ, ನೀರಿಲ್ಲ, ಮೇಕೆ ಮೇಯುವ ಜಾಗ. 1995ರ ಡಿಸೆಂಬರ್ ಕೊನೆಯಲ್ಲಿ ಟರ್ಕಿಯ ಒಂದು ಸರಕು ಹಡಗು ಅಲ್ಲಿ ನೆಲ ಕಚ್ಚಿತು. ಹಡಗನ್ನು ಯಾರು ಎಳೆಯಬೇಕು ಅನ್ನುವಲ್ಲಿಂದ ಜಗಳ ಶುರುವಾಯಿತು. ಕಾಲಿಮ್ನೋಸ್ ಮೇಯರ್ ಬಾವುಟ ನೆಟ್ಟರು. ಟರ್ಕಿಯ ಪತ್ರಕರ್ತರು ಹೆಲಿಕಾಪ್ಟರಿನಲ್ಲಿ ಬಂದು ಅದನ್ನು ಕಿತ್ತು ತಮ್ಮದನ್ನು ಇಟ್ಟರು. ಪತ್ರಕರ್ತರ ಕೆಲಸ ಇದು! ಜನವರಿ ಕೊನೆಯ ಹೊತ್ತಿಗೆ ಎರಡೂ ನೌಕಾಪಡೆ ಎದುರುಬದುರು. 1996ರ ಜನವರಿ 31ರ ಬೆಳಗಿನ ಜಾವ ನಿಮ್ಮ ಹೆಲಿಕಾಪ್ಟರ್ ಬಿದ್ದು ಮೂವರು ಅಧಿಕಾರಿಗಳು ಸತ್ತರು. ಕೋಸ್ತಾಸ್ ಸಿಮಿತಿಸ್ ಪ್ರಧಾನಿಯಾಗಿ ಆಗ ಹತ್ತು ದಿನವೂ ಆಗಿರಲಿಲ್ಲ. ಅಮೆರಿಕದ ಮಧ್ಯಸ್ಥಿಕೆಯಲ್ಲಿ ಎರಡೂ ಕಡೆಯವರು ಹಿಂದೆ ಸರಿದರು. ಸಿಮಿತಿಸ್ ಸಂಸತ್ತಿನಲ್ಲಿ ಅಮೆರಿಕಕ್ಕೆ ಥ್ಯಾಂಕ್ಸ್ ಹೇಳಿದರು. ಯುದ್ಧ ತಪ್ಪಿಸಿದ ಆ ಮನುಷ್ಯನಿಗೆ ಆ ಒಂದು ಮಾತು ಸಾಯುವ ತನಕ ಅಂಟಿಕೊಂಡಿತು.

ಇಮಿಯಾ ನಂತರ ದುಡ್ಡಿನ ಹೊಳೆ ಹರಿಯಿತು. ಭಯ ಇದ್ದಲ್ಲಿ ಆಯುಧದ ವ್ಯಾಪಾರಿ ಬರುತ್ತಾನೆ. 1996ರಿಂದ 2001ರ ತನಕ ರಕ್ಷಣಾ ಮಂತ್ರಿಯಾಗಿದ್ದ ಪಾಸೋಕ್‌ನ ಆಕಿಸ್ ತ್ಸೊಹಾಝೋಪೂಲೋಸ್ 2013ರಲ್ಲಿ ಶಸ್ತ್ರ ಖರೀದಿಯ ಲಂಚದ ಹಣ ಬಿಳಿ ಮಾಡಿದ್ದಕ್ಕೆ 20 ವರ್ಷದ ಶಿಕ್ಷೆ ಪಡೆದರು. ಅದು ನಿಮ್ಮ ಜನ ಪಿಂಚಣಿ ಕಡಿತ ತಿನ್ನುತ್ತಿದ್ದ ಕಾಲ. ವಿರೋಧ ಪಕ್ಷದವರು ‘ಮೆತ್ತಗಾದರು’ ಅಂತ ಕೂಗಿದಷ್ಟು ಜೋರಾಗಿ ‘ಎಷ್ಟಕ್ಕೆ ಕೊಂಡಿರಿ’ ಅಂತ ಕೂಗಿದ್ದರೆ ಚೆನ್ನಾಗಿತ್ತು.

ಒಳ್ಳೆಯದೂ ಆಗಿದೆ. 1999ರ ಆಗಸ್ಟ್ 17ರಂದು ಇಜ್ಮಿತ್ ಭೂಕಂಪ. ನಿಮ್ಮ ರಕ್ಷಣಾ ತಂಡ ಹೋಯಿತು. ಸೆಪ್ಟೆಂಬರ್ 7ರಂದು ಅಥೆನ್ಸ್ ನಡುಗಿತು, ಟರ್ಕಿಯವರು ಬಂದರು. ವಿದೇಶಾಂಗ ಮಂತ್ರಿಗಳಾದ ಜಾರ್ಜ್ ಪಾಪಾಂಡ್ರೆಯೂ ಮತ್ತು ಇಸ್ಮಾಯಿಲ್ ಜೆಮ್ ಆ ಬಿಸಿಯಲ್ಲೇ ಕಬ್ಬಿಣ ಬಡಿದರು. ಡಿಸೆಂಬರ್‌ನ ಯುರೋಪಿಯನ್ ಒಕ್ಕೂಟದ ಹೆಲ್ಸಿಂಕಿ ಸಭೆಯಲ್ಲಿ, ಜಗಳಗಳು ಬಗೆಹರಿಯದಿದ್ದರೆ 2004ರ ಕೊನೆಯೊಳಗೆ ಹೇಗ್‌ಗೆ ಹೋಗುವ ದಾರಿ ತೆರೆಯಿತು. ಅದು ನಿಮಗೆ ಸಿಕ್ಕ ಅತಿ ಒಳ್ಳೆಯ ಅವಕಾಶ ಅಂತ ನನ್ನ ಅಭಿಪ್ರಾಯ. 2004ರ ಮಾರ್ಚ್‌ನಲ್ಲಿ ಸರ್ಕಾರ ಬದಲಾಯಿತು. ಹಿಂದಿನ ಸರ್ಕಾರದ ಕೂಸನ್ನು ಹೊಸಬರು ಎತ್ತಿಕೊಳ್ಳಲಿಲ್ಲ. ಗಡುವು ಮೆಲ್ಲಗೆ ದಾಟಿಹೋಯಿತು. ‘ಪರಿಶೀಲನಾ ಮಾತುಕತೆ’ ಮಾತ್ರ ಬಿಟ್ಟು ಬಿಟ್ಟು ನಡೆಯುತ್ತಿತ್ತು. 2002ರಲ್ಲಿ ಶುರುವಾದದ್ದು 2021ರ ಜನವರಿಗೆ 61ನೇ ಸುತ್ತು ಮುಟ್ಟಿತು.

ಆ ಹೊತ್ತಿಗೆ ಪರಿಸ್ಥಿತಿ ಕೆಟ್ಟಿತ್ತು. 2019ರ ನವೆಂಬರ್‌ನಲ್ಲಿ ಟರ್ಕಿ ಲಿಬಿಯಾ ಜೊತೆ ಒಂದು ಕಡಲ ಗಡಿ ಎಳೆದುಕೊಂಡಿತು, ನಡುವೆ ಕ್ರೀಟ್ ಅನ್ನುವ ಅಷ್ಟು ದೊಡ್ಡ ದ್ವೀಪ ಇದೆ ಅನ್ನುವುದೇ ಮರೆತಂತೆ. 2020ರಲ್ಲಿ ನೀವು ಇಟಲಿ, ಈಜಿಪ್ಟ್ ಜೊತೆ ಗಡಿ ಮಾಡಿಕೊಂಡಿರಿ. ಟರ್ಕಿಯ ಸಮೀಕ್ಷೆ ಹಡಗು ಓರುಚ್ ರೇಯಿಸ್ ಕಸ್ತೆಲೊರಿಝೋ ಸುತ್ತ ಸುಳಿಯಿತು. 2021ರ ಜನವರಿಯಲ್ಲಿ ಅಯೋನಿಯನ್ ಕಡಲನ್ನು 12 ಮೈಲಿಗೆ ಏರಿಸುವ ಮಸೂದೆಗೆ ನಿಮ್ಮಲ್ಲಿ 284 ಜನ ಕೈ ಎತ್ತಿದಿರಿ. ಅಂದರೆ ಮನಸ್ಸು ಮಾಡಿದರೆ ಒಟ್ಟಿಗೆ ನಿಲ್ಲಬಲ್ಲಿರಿ, ಅಲ್ವಾ? ಆದರೆ ಆ ಕಡೆ ಟರ್ಕಿ ಇರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಜೊತೆಗಿನ ರಕ್ಷಣಾ ಒಪ್ಪಂದ ಬಂದಾಗ ಮತ್ತೆ 191ಕ್ಕೆ 109. ಎಡಪಂಥೀಯ ಸಿರಿಝಾ ತಾನೇ ಜಾಸ್ತಿ ದೇಶಭಕ್ತ ಅನ್ನುವ ಹಾಗೆ, ಇದರಲ್ಲಿ ಮೀನು, ಎಣ್ಣೆಯ ಹಕ್ಕಿರುವ 200 ಮೈಲಿ ತನಕದ ಕಡಲ ಆರ್ಥಿಕ ವಲಯದ ರಕ್ಷಣೆ ಇಲ್ಲ ಅಂತ ವಿರೋಧಿಸಿತು. ಪ್ರೆಸ್ಪಾದಲ್ಲಿ ತನಗೆ ಆದದ್ದನ್ನು ಅದು ಮರೆತಿರಲಿಲ್ಲ ಅನ್ನಿಸುತ್ತದೆ.

2022ರಲ್ಲಿ ಟರ್ಕಿಯ ಅಧ್ಯಕ್ಷ ಎರ್ದೊಗಾನ್ ತಮಗೆ ಇನ್ನು ಮಿತ್ಸೋಟಾಕಿಸ್ ಅನ್ನುವವರೇ ಇಲ್ಲ ಅಂದರು. 2023ರ ಡಿಸೆಂಬರ್ 7ರಂದು ಅದೇ ಇಬ್ಬರು ಅಥೆನ್ಸ್‌ನಲ್ಲಿ ಸ್ನೇಹದ ಘೋಷಣೆಗೆ ಸಹಿ ಹಾಕಿದರು. ನಡುವೆ ಮತ್ತೊಂದು ಭೂಕಂಪ ಆಗಿತ್ತು, ಫೆಬ್ರವರಿಯಲ್ಲಿ. 2024ರಿಂದ ಟರ್ಕಿಯ ಜನ ಹಿಯೋಸ್, ಲೆಸ್ಬೋಸ್, ರೋಡ್ಸ್‌ಗಳಿಗೆ ಒಂದು ವಾರದ ವೀಸಾದಲ್ಲಿ ಬರುತ್ತಿದ್ದಾರೆ. ಚೆಶ್ಮೆಯಿಂದ ಹಿಯೋಸ್‌ಗೆ ದೋಣಿಯಲ್ಲಿ ಅರ್ಧ ಗಂಟೆ ಆಸುಪಾಸು. ಹೋಟೆಲಿನವರಿಗೆ ವ್ಯಾಪಾರ ಆಗುತ್ತಿದೆ. ಇದನ್ನೇ ಸಮರಾಸ್ ಮೆತ್ತಗಿನ ನೀತಿ ಅಂದದ್ದು. ವಿದೇಶಾಂಗ ಮಂತ್ರಿ ಜಾರ್ಜ್ ಗೆರಾಪೆತ್ರಿತಿಸ್ ರಾಜೀನಾಮೆ ಕೊಡಲಿ ಅಂದದ್ದು.

ಅಲ್ಬೇನಿಯಾ ಬಗ್ಗೆ ಎರಡೇ ಮಾತು. 2009ರಲ್ಲಿ ನೀವು ಕಡಲ ಗಡಿ ಒಪ್ಪಂದ ಮಾಡಿಕೊಂಡಿರಿ. ಅಲ್ಲಿನ ವಿರೋಧ ಪಕ್ಷದ ನಾಯಕ ಎದಿ ರಾಮಾ ದ್ರೋಹ ಅಂದರು, ಅವರ ಸಂವಿಧಾನ ನ್ಯಾಯಾಲಯ ಒಪ್ಪಂದವನ್ನು ರದ್ದು ಮಾಡಿತು. 2020ರಲ್ಲಿ ಪ್ರಧಾನಿ ಎದಿ ರಾಮಾ ಹೇಗ್‌ಗೆ ಹೋಗೋಣ ಅಂತ ಒಪ್ಪಿದರು. ನೋಡಿ, ಈ ಕಾಯಿಲೆ ನಿಮ್ಮದೊಬ್ಬರದೇ ಅಲ್ಲ.

ನಮ್ಮದೂ ಹೌದು. ಬಾಂಗ್ಲಾದೇಶದ ಜೊತೆ ಭೂಗಡಿ ಒಪ್ಪಂದಕ್ಕೆ 1974ರಲ್ಲೇ ಸಹಿ ಆಗಿತ್ತು. 2013ರಲ್ಲಿ ಕಾಂಗ್ರೆಸ್ ಸರ್ಕಾರ ಮಸೂದೆ ತಂದಾಗ ಬಿಜೆಪಿ ವಿರೋಧಿಸಿತು. 2015ರ ಮೇನಲ್ಲಿ ಬಿಜೆಪಿ ಸರ್ಕಾರವೇ ಅದನ್ನು ಪಾಸು ಮಾಡಿತು, ಎದುರು ಒಂದೂ ಮತ ಬೀಳಲಿಲ್ಲ. ಗಡಿಯ ಆಚೆ ಈಚೆ ಸಿಕ್ಕಿಬಿದ್ದಿದ್ದ 162 ತುಂಡು ಭೂಮಿಯ ಜನಕ್ಕೆ ಒಂದು ದೇಶ ಅಂತ ಸಿಗಲು 41 ವರ್ಷ ಬೇಕಾಯಿತು. ಹಾಗಾಗಿ ನಾನು ಮೇಲಿನಿಂದ ಉಪದೇಶ ಮಾಡುತ್ತಿಲ್ಲ.

ಆದರೆ ಬಂಗಾಳ ಕೊಲ್ಲಿಯಲ್ಲಿ ನಮ್ಮವರು ಒಂದು ಕೆಲಸ ಸರಿಯಾಗಿ ಮಾಡಿದರು, ಅದನ್ನು ನೀವು ನೋಡಬೇಕು. ಕಡಲ ಗಡಿ ವಿವಾದ 2009ರಲ್ಲಿ ಹೇಗ್‌ನ ಪಂಚಾಯ್ತಿ ಮಂಡಳಿಯ ದಾರಿ ಹಿಡಿಯಿತು. 2014ರ ಜುಲೈನಲ್ಲಿ ತೀರ್ಪು ಬಂತು. ವಿವಾದದ 25,602 ಚದರ ಕಿಲೋಮೀಟರಿನಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು. ದೆಹಲಿಯಲ್ಲಿ ಹೊಸ ಸರ್ಕಾರ ಬಂದು ಎರಡು ತಿಂಗಳೂ ಆಗಿರಲಿಲ್ಲ. ಹಿಂದಿನವರು ಮಾರಿದರು ಅಂತ ತೀರ್ಪನ್ನು ಎಸೆಯಬಹುದಿತ್ತು. ಒಪ್ಪಿಕೊಂಡರು. ಇನ್ನೊಂದು ವಿಷಯ ಕೇಳಿ. ಆ ವಿವಾದದ ನಡುವೆ ನ್ಯೂ ಮೂರ್ ಅನ್ನುವ ಒಂದು ಮರಳು ದ್ವೀಪ ಇತ್ತು, ನಿಮ್ಮ ಇಮಿಯಾ ಥರ. 1981ರಲ್ಲಿ ನೌಕಾಪಡೆ ಹೋಗಿ ಬಾವುಟ ನೆಟ್ಟಿತ್ತು. ತೀರ್ಪು ಬರುವ ಹೊತ್ತಿಗೆ ದ್ವೀಪವೇ ನೀರಿನಡಿ ಸೇರಿತ್ತು.

ಟರ್ಕಿ ಕಡಲ ಕಾನೂನಿಗೆ ಸಹಿ ಹಾಕಿಲ್ಲ, ನಿಜ. ಅದು ಒಪ್ಪದೆ ಹೇಗ್ ಬಾಗಿಲು ತೆರೆಯೋಲ್ಲ, ಅದೂ ನಿಜ. ಕಾವೇರಿ, ಬೆಳಗಾವಿಗೆ ಇದನ್ನು ಹೋಲಿಸುವ ಕನ್ನಡಿಗರಿಗೂ ಇದನ್ನೇ ಹೇಳುತ್ತೇನೆ: ನಮ್ಮ ರಾಜ್ಯಗಳ ಮೇಲೆ ಒಂದು ಸುಪ್ರೀಂ ಕೋರ್ಟ್ ಇದೆ, ಏಜಿಯನ್ ಮೇಲೆ ಹಾಗೆ ಯಾರೂ ಇಲ್ಲ. ಜೊತೆಗೆ ಟರ್ಕಿಯು ನಿಮ್ಮ ದ್ವೀಪಗಳಲ್ಲಿರುವ ಸೈನ್ಯ, ಯಾರದೆಂದು ತೀರ್ಮಾನವಾಗದ ಬಂಡೆಗಳು ಅಂತ ಇನ್ನೂ ನಾಲ್ಕು ಸೇರಿಸುತ್ತದೆ. ಕಡಲ ತಳ ಮತ್ತು ಆರ್ಥಿಕ ವಲಯ ಬಿಟ್ಟು ಬೇರೆ ಯಾವುದೂ ವಿವಾದವೇ ಅಲ್ಲ ಅಂತ ನೀವು ಹೇಳುತ್ತೀರಿ. ದ್ವೀಪಗಳ ಒಡೆತನದಲ್ಲಿ ಒಂದಿಂಚೂ ಬಿಡಬೇಡಿ, ಬಿಡಿ ಅಂತ ಯಾವ ತಲೆ ಸರಿ ಇರುವವನೂ ಹೇಳೋಲ್ಲ. ಆದರೆ ತಳದ ಹಕ್ಕು ಯಾವತ್ತೋ ಒಂದು ದಿನ ನ್ಯಾಯಾಲಯಕ್ಕೆ ಹೋದರೆ, ಕೇಳಿದ್ದೆಲ್ಲ ಸಿಗೋಲ್ಲ. 2009ರ ರೊಮಾನಿಯಾ–ಉಕ್ರೇನ್ ಕೇಸಿನಲ್ಲಿ ಸರ್ಪ ದ್ವೀಪಕ್ಕೆ ಸುತ್ತಲಿನ 12 ಮೈಲಿ ಬಿಟ್ಟು ಬೇರೇನೂ ಸಿಗಲಿಲ್ಲ. ಕಸ್ತೆಲೊರಿಝೋಗೆ ಪೂರ್ತಿ 200 ಮೈಲಿ ಬರುತ್ತದೆ ಅಂತ ನಿಮ್ಮ ವಕೀಲರಲ್ಲಿ ಎಷ್ಟು ಜನ ನಂಬುತ್ತಾರೆ? ಇದನ್ನು ನಿಮ್ಮ ಜನಕ್ಕೆ ಯಾರು ಹೇಳಿದ್ದೀರಿ?

ಕಿರಿಯಾಕೋಸ್ ಅವರೇ, ನಿಮ್ಮ ಭಯ ಅರ್ಥವಾಗುತ್ತದೆ. 2023ರ ಜೂನ್‌ನಲ್ಲಿ ನಿಮ್ಮ ಬಲಕ್ಕೆ ನಿಂತ ಮೂರು ಪಕ್ಷಗಳು ಸೇರಿ ಶೇ 12ಕ್ಕೂ ಜಾಸ್ತಿ ಮತ ತೆಗೆದವು. ಅಂಥವರ ಕೂಗನ್ನು ಜಾಸ್ತಿ ಕೂಗಿ ಗೆಲ್ಲಲು ಆಗೋಲ್ಲ. 2018ರಲ್ಲಿ ಆ ದಾರಿ ಹಿಡಿದು ನೋಡಿದ್ದೀರಿ. ವಿದೇಶಾಂಗ ನೀತಿಗೆ ಅಂತಲೇ ನಿಮ್ಮಲ್ಲಿ ಒಂದು ರಾಷ್ಟ್ರೀಯ ಮಂಡಳಿ ಇದೆ, ಎಲ್ಲ ಪಕ್ಷದವರೂ ಕೂರುವಂಥದ್ದು. ಅಲ್ಲಿ ಚಾರ್ಟ್ ಹರಡಿ. ಹೇಗ್‌ಗೆ ಹೋದರೆ ಒಳ್ಳೆಯದೆಂದರೆ ಯಾವ ಗೆರೆ, ಕೆಟ್ಟದ್ದೆಂದರೆ ಯಾವ ಗೆರೆ ಅಂತ ಎಳೆದು ತೋರಿಸಿ. ಆಮೇಲೆ ಅದನ್ನೇ ಜನರ ಮುಂದೆ ಇಡಿ, ಈ ಸಂಸತ್ತಿನ ಅವಧಿ 2027ಕ್ಕೆ ಮುಗಿಯುವ ಮೊದಲು.

ನಿಕೋಸ್ ಆಂಡ್ರೂಲಾಕಿಸ್ ಅವರೇ, 2024ರ ನವೆಂಬರ್‌ನಲ್ಲಿ ನಿಮ್ಮ ಪಾಸೋಕ್ ಮುಖ್ಯ ವಿರೋಧ ಪಕ್ಷವಾಯಿತು. ಆ ಜಾಗದಲ್ಲಿ ಕೂತವರಿಗೆ ಕೂಗುವುದು ಎಷ್ಟು ಸುಲಭ ಅಂತ ನಿಮ್ಮ ಪಕ್ಷದ ಸ್ಥಾಪಕರೇ 1976ರಲ್ಲಿ ತೋರಿಸಿದ್ದಾರೆ. ನೀವು ವಿರೋಧ ಮಾಡಿ, ಬೇಡ ಅನ್ನೋಲ್ಲ. ಬೇಡ ಅನ್ನುವಾಗ ನಿಮಗೆ ಬೇಕಾದ ಗೆರೆ ಯಾವುದು ಅಂತಲೂ ಅದೇ ಚಾರ್ಟಿನ ಮೇಲೆ ಗುರುತು ಮಾಡಿ. ಸಿರಿಝಾದವರಿಗೂ ಇದೇ ಮಾತು. ಪ್ರೆಸ್ಪಾಗೆ ಮತ ಹಾಕಿದ 153 ಜನರಲ್ಲಿ ಎಷ್ಟೋ ಮಂದಿ ಬೆದರಿಕೆ ತಿಂದವರು. ಅದನ್ನು ಮತ್ತೊಬ್ಬರಿಗೆ ತಿನ್ನಿಸಬೇಡಿ.

ಇಷ್ಟೂ ಆಗುವ ಮೊದಲು ಆಗಬಹುದಾದ ಸಣ್ಣ ಕೆಲಸ ಒಂದಿದೆ. ಸ್ಕೋಪ್ಯೆ ಜೊತೆಗಿನ ಆ ಮೂರು ಪತ್ರಗಳನ್ನು ಕಪಾಟಿನಿಂದ ತೆಗೆದು ಮತಕ್ಕೆ ಹಾಕಿ. ಅವರು ಹೆಸರು ಸರಿಯಾಗಿ ಹೇಳದಿದ್ದಾಗ ‘ನಮ್ಮ ಪಾಲಿನದು ನಾವು ಮಾಡಿದ್ದೇವೆ’ ಅಂತ ಬ್ರಸೆಲ್ಸ್‌ನಲ್ಲಿ ಹೇಳಲು ನಿಮಗೆ ಬಾಯಿ ಇರುತ್ತದೆ. ಹೆಸರು ಬದಲಿಸಿದ ಮೇಲೂ ಬಲ್ಗೇರಿಯಾ ಅವರನ್ನು ಯುರೋಪಿನ ಬಾಗಿಲಲ್ಲಿ ನಿಲ್ಲಿಸಿದೆ. ಕೊಟ್ಟ ಮಾತಿಗೆ ನಿಲ್ಲುವ ಒಂದು ನೆರೆಯವರಾದರೂ ಅವರಿಗೆ ಇದ್ದಾರೆ ಅಂತ ಆಗಲಿ. ಕಿರಿಯಾಕೋಸ್ ಅವರೇ, ನಿಮ್ಮ ಪಕ್ಷದಲ್ಲಿ ಇದನ್ನು ತಡೆಯುತ್ತಾರೆ ಅಂತ ನೀವು ಹೆದರಿದ್ದ ಹಿರಿಯರನ್ನು ನೀವೇ ಹೊರಗೆ ಕಳಿಸಿ ಆಗಿದೆಯಲ್ಲ.

ಇಂತಿ,
ಏಜಿಯನ್ ದಾಟಿ ಹಲವು ಸಲ ಹೋಗಿ ಬಂದ
ಉಡುಪಿ ಜಿಲ್ಲೆಯ ಒಬ್ಬ ನಿವೃತ್ತ ಹಡಗು ಅಧಿಕಾರಿ